ಕಾರ್ಡೂ ಇದೆ, ಪಾಲಿಸಿಯೂ ಇದೆ. ಆದರೂ ಸಾಲ ಯಾಕೆ?

ನಿಮ್ಮ ಮನೆಯಲ್ಲಿ ಆರೋಗ್ಯ ವಿಮೆ ಇದೆಯೇ? 'ಇದೆ' ಅನ್ನುವ ಗೃಹಿಣಿಯರು ಹತ್ತು ವರ್ಷದ ಹಿಂದಿಗಿಂತ ಈಗ ಹೆಚ್ಚು. ಬಿಪಿಎಲ್ ಕುಟುಂಬವಾದರೆ ಆಯುಷ್ಮಾನ್ ಕಾರ್ಡ್, ಯಜಮಾನರು ಕಾರ್ಖಾನೆಯಲ್ಲಿದ್ದರೆ ಇಎಸ್‌ಐ, ಕಂಪನಿ ಕೆಲಸವಾದರೆ ಗ್ರೂಪ್ ಪಾಲಿಸಿ, ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ, ಇದ್ಯಾವುದೂ ಇಲ್ಲದಿದ್ದರೆ ಏಜೆಂಟರು ಮನೆಗೇ ಬಂದು ಮಾಡಿಸಿಕೊಟ್ಟ ಫ್ಯಾಮಿಲಿ ಪಾಲಿಸಿ. ಒಂದಲ್ಲ ಒಂದು ಕಾಗದ ಬೀರುವಿನಲ್ಲಿ ಇದ್ದೇ ಇರುತ್ತೆ.

ಸರಿ, ಈಗ ಇನ್ನೊಂದು ಪ್ರಶ್ನೆ. ಕಳೆದ ಸಲ ಮನೆಯವರೊಬ್ಬರು ಆಸ್ಪತ್ರೆ ಸೇರಿದಾಗ ನಿಮ್ಮ ಕೈಯಿಂದ ಹೋಗಿದ್ದು ಎಷ್ಟು? ಇದಕ್ಕೆ ಉತ್ತರ ಹೇಳುವಾಗ ಅನೇಕರ ದನಿ ತಗ್ಗುತ್ತೆ. ನನ್ನ ತವರಿನ ಕಡೆಯ ಚಿಮ್ಮನಚೋಡದಲ್ಲಿ ಹೆಣ್ಣುಮಕ್ಕಳ ಬಾಯಲ್ಲಿ ಈ ಮಾತು ಸಾಮಾನ್ಯ: "ಕಾರ್ಡ್ ಅದ ಅಂತ ಹೋದಿವ್ರಿ ಅಕ್ಕಾ, ಬರೋವಾಗ ಬೋರಮಾಳ ಅಡ ಇಟ್ಟು ಬಂದಿವಿ." ಕಲಬುರಗಿ ನಗರದ ಅಪಾರ್ಟ್‌ಮೆಂಟಿನಲ್ಲಿ ಕೇಳಿದರೂ ಇದೇ ಕಥೆ. ಬೋರಮಾಳದ ಬದಲು ಕ್ರೆಡಿಟ್ ಕಾರ್ಡ್ ಅಂತಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ವಿಮೆ ಮೋಸವೇ? ಅಲ್ಲ. ವಿಮೆ ಕಟ್ಟೋದು ಆಸ್ಪತ್ರೆಯ ಬಿಲ್ಲನ್ನು, ಅದೂ ತಾನು ಒಪ್ಪಿದ ಬಿಲ್ಲನ್ನು ಮಾತ್ರ. ಕಾಯಿಲೆಯ ಖರ್ಚು ಅದಕ್ಕಿಂತ ದೊಡ್ಡದು. ಇವೆರಡರ ನಡುವಿನ ಕಂದಕಕ್ಕೇ ನಮ್ಮ ಉಳಿತಾಯ, ಬಂಗಾರ, ನೆಮ್ಮದಿ ಎಲ್ಲ ಜಾರಿ ಬೀಳೋದು. ಆ ಕಂದಕ ಎಲ್ಲೆಲ್ಲಿದೆ ಅಂತ ಕಾಯಿಲೆ ಬರುವ ಮೊದಲೇ ತಿಳಿದುಕೊಂಡರೆ ಪೂರ್ತಿ ತಪ್ಪಿಸಲು ಆಗದಿದ್ದರೂ ಸಾಲದ ಗಾತ್ರವನ್ನಂತೂ ಇಳಿಸಬಹುದು.

ನಮ್ಮ ಭಾಗದಲ್ಲೇ ಶುರುವಾದ ಕಥೆ

ಉಚಿತ ಚಿಕಿತ್ಸೆಯ ಕಾರ್ಡಿಗೂ ನಮ್ಮ ಕಲಬುರಗಿ ಸೀಮೆಗೂ ಹಳೆಯ ನಂಟು. ಬಡವರ ದೊಡ್ಡ ಕಾಯಿಲೆಗಳಿಗೆಂದು ರಾಜ್ಯ ಸರ್ಕಾರ ತಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ಕಾಯಿಲೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಅಗತ್ಯ ಬಿದ್ದರೆ ಇನ್ನೂ 50 ಸಾವಿರ.

ಅದು ಫಲ ಕೊಟ್ಟಿತೇ? ಯೋಜನೆ ಇದ್ದ ಹಳ್ಳಿಗಳನ್ನೂ ಅದರ ಗಡಿಯಾಚೆಗಿನ ಹಳ್ಳಿಗಳನ್ನೂ ಹೋಲಿಸಿ ಸಂಶೋಧಕರು ನಡೆಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಾವಿನ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ 0.90, ಇದ್ದ ಕಡೆ ಶೇ 0.32. ದೊಡ್ಡಾಸ್ಪತ್ರೆಗೆ ಸೇರಿದಾಗ ಕೈಯಿಂದ ಹೋಗುವ ಖರ್ಚು ಶೇ 64ರಷ್ಟು ಕಡಿಮೆಯಾಗಿತ್ತು. ಕಾರ್ಡ್ ಜೀವ ಉಳಿಸುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಅಷ್ಟು ಚೆನ್ನಾಗಿ ಕೆಲಸ ಮಾಡಿದ ಯೋಜನೆಯಲ್ಲೂ ಖರ್ಚಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಮನೆಯವರ ತಲೆ ಮೇಲೇ ಉಳಿದಿತ್ತು!

ಆಮೇಲೆ 2018ರಲ್ಲಿ ಹಳೆಯ ಯೋಜನೆಗಳೆಲ್ಲ ಸೇರಿ ಆರೋಗ್ಯ ಕರ್ನಾಟಕವಾಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ದೇಶದ ಲೆಕ್ಕದಲ್ಲೂ ಸುಧಾರಣೆ ಇದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಜೇಬಿನಿಂದ ಕೊಟ್ಟ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ರ ಹೊತ್ತಿಗೆ ಶೇ 39.4ಕ್ಕೆ ಇಳಿಯಿತು. ಅಂದರೆ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ಇನ್ನೂ ನಮ್ಮ ಪರ್ಸಿನಿಂದಲೇ. ಈ ನಲವತ್ತು ಎಲ್ಲೆಲ್ಲಿ ಹೋಗುತ್ತೆ ನೋಡೋಣ ಬನ್ನಿ.

ಕೌಂಟರಿನ ಹೊರಗಿನ ಖರ್ಚು

ಚಿಮ್ಮನಚೋಡದ ಒಂದು ಬಿಪಿಎಲ್ ಕುಟುಂಬವನ್ನು ಊಹಿಸಿಕೊಳ್ಳಿ. ಯಜಮಾನನಿಗೆ ಎದೆನೋವು. ಕಲಬುರಗಿಗೆ ಹೋದರೆ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇದೆ, 2024ರ ಡಿಸೆಂಬರಿನಲ್ಲಿ 371 ಹಾಸಿಗೆಯ ಹೊಸ ಕಟ್ಟಡವೂ ಶುರುವಾಗಿದೆ. ಕಾರ್ಡಿನಡಿ ಆಪರೇಷನ್ ಆಯಿತು, ಅದಕ್ಕೆ ಹಣ ಕೇಳಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆದರೂ ಖರ್ಚು ಆಗಿಯೇ ಆಗುತ್ತೆ.

ಆಪರೇಷನ್ ಬೇಕು ಅಂತ ಗೊತ್ತಾಗೋಕೆ ಮೊದಲು ಮೂರು ನಾಲ್ಕು ಖಾಸಗಿ ದವಾಖಾನೆ ಸುತ್ತಿರುತ್ತಾರೆ. ಸ್ಕ್ಯಾನು, ರಕ್ತ ಪರೀಕ್ಷೆ, ಔಷಧಿ ಎಲ್ಲ ರೊಕ್ಕ ಕೊಟ್ಟೇ. ಆಯುಷ್ಮಾನ್ ಭಾರತ್ ನಿಯಮದಲ್ಲಿ ಆಸ್ಪತ್ರೆ ಸೇರುವ ಹಿಂದಿನ 3 ದಿನ ಮತ್ತು ಬಿಡುಗಡೆಯಾದ ಮೇಲಿನ 15 ದಿನದ ಖರ್ಚು ಮಾತ್ರ ಪ್ಯಾಕೇಜಿನಲ್ಲಿ ಸೇರಿರುತ್ತೆ. ಹೃದಯದ ಮಾತ್ರೆ 15 ದಿನಕ್ಕೆ ಮುಗಿಯುತ್ತೇನು? ಜೀವಮಾನವಿಡೀ ನುಂಗಬೇಕು. ಜೊತೆಗೆ ರೋಗಿಯ ಬಳಿ ಒಬ್ಬರು ಇರಬೇಕು, ಅವರ ಊಟ, ವಸತಿ, ಮನೆಯಿಂದ ಓಡಾಡುವವರ ಗಾಡಿ ಬಾಡಿಗೆ. ಎಲ್ಲಕ್ಕಿಂತ ದೊಡ್ಡ ಹೊಡೆತ, ದುಡಿಯುವ ಇಬ್ಬರ ಕೂಲಿ ನಿಂತುಹೋಗೋದು. ತೊಗರಿ ರಾಶಿಯ ಸಮಯದಲ್ಲಿ ಹೀಗಾದರೆ ವರ್ಷದ ಆದಾಯಕ್ಕೇ ಪೆಟ್ಟು. ಇದ್ಯಾವುದೂ ಬಿಲ್ಲಿನಲ್ಲಿ ಬರೋಲ್ಲ, ಹಾಗಾಗಿ ಈ ಕಾರ್ಡ್ ಕೊಡೋಲ್ಲ.

ನಗರದ ಸಹೋದರಿಯರೇ, 'ಇದು ಹಳ್ಳಿಯವರ ಕಷ್ಟ' ಅಂದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಅತ್ತೆಗೆ ಸಕ್ಕರೆ ಕಾಯಿಲೆ, ಮಾವನಿಗೆ ಬಿಪಿ ಇದ್ದರೆ ತಿಂಗಳ ಔಷಧಿ ಅಂಗಡಿಯ ಚೀಟಿಗಳನ್ನು ಒಮ್ಮೆ ಕೂಡಿಸಿ ನೋಡಿ. ಬಹುಪಾಲು ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ಹಣ ಕೊಡುತ್ತವೆ. ಪ್ರತಿ ತಿಂಗಳ ಮಾತ್ರೆ, ಡಾಕ್ಟರ ಫೀಸು, ಹಲ್ಲು, ಕನ್ನಡಕ ಎಲ್ಲವೂ ನಿಮ್ಮದೇ. ಜನೌಷಧಿ ಮಳಿಗೆ ಹತ್ತಿರವಿದ್ದರೆ, ಡಾಕ್ಟರನ್ನು ಕೇಳಿ ಅದೇ ಔಷಧಿಯನ್ನು ಜೆನೆರಿಕ್ ಹೆಸರಿನಲ್ಲಿ ಬರೆಸಿಕೊಳ್ಳಿ. ತಿಂಗಳ ಖರ್ಚಿನಲ್ಲಿ ಎದ್ದು ಕಾಣುವ ಉಳಿತಾಯ ಆಗುತ್ತೆ.

ಗಡಿ ದಾಟಿದರೆ ಕಾರ್ಡ್ ನಡೆಯುತ್ತಾ?

ಚಿಂಚೋಳಿ, ಸೇಡಂ ಕಡೆಯವರಿಗೆ ಕಾಯಿಲೆ ಜೋರಾದರೆ ಮೊದಲು ನೆನಪಾಗೋದು ಹೈದರಾಬಾದ್. ನಿಜಾಮರ ಕಾಲದಿಂದ ಬಂದ ರೂಢಿ ಅದು. ತೆಲಂಗಾಣದ ಗಡಿ ಪಕ್ಕದಲ್ಲೇ ಇದೆ, ತಾಂಡೂರಿನಲ್ಲಿ ಬೀಗರಿದ್ದಾರೆ, ರೈಲಿದೆ, ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ಆದರೆ ಕಾರ್ಡಿಗೆ ಗಡಿ ಇದೆ ಅನ್ನೋದು ಹೋದಮೇಲೆ ಗೊತ್ತಾಗುತ್ತೆ.

ತೆಲಂಗಾಣದ ಆರೋಗ್ಯಶ್ರೀ ಅಲ್ಲಿನ ಜನರಿಗೆ. ತಾಂಡೂರಿನ ನಿಮ್ಮ ಚಿಕ್ಕಮ್ಮನಿಗೆ ಸಿಕ್ಕ ಉಚಿತ ಚಿಕಿತ್ಸೆ ನಿಮಗೆ ಸಿಗೋಲ್ಲ. ಆಯುಷ್ಮಾನ್ ಭಾರತ್ ಕಾರ್ಡ್ ಬೇರೆ ರಾಜ್ಯದಲ್ಲೂ ನಡೆಯಬೇಕು ಅಂತ ನಿಯಮವಿದೆ, ತೆಲಂಗಾಣ ಕೂಡ 2021ರಲ್ಲಿ ಆ ಯೋಜನೆಗೆ ಸೇರಿಕೊಂಡಿದೆ. ಆದರೆ ಎಲ್ಲ ಕುಟುಂಬಗಳೂ ಕೇಂದ್ರದ ಪಟ್ಟಿಯಲ್ಲಿ ಇರೋಲ್ಲ, ರಾಜ್ಯದ ಪಟ್ಟಿಯಲ್ಲಿ ಮಾತ್ರ ಇರುವವರೂ ಬಹಳ. ನೀವು ಹೋಗುವ ಆಸ್ಪತ್ರೆ ಆ ಯೋಜನೆಯಲ್ಲಿ ನೋಂದಣಿ ಆಗಿರಬೇಕು, ನಿಮಗೆ ಬೇಕಾದ ಚಿಕಿತ್ಸೆಗೇ ನೋಂದಣಿ ಆಗಿರಬೇಕು. ಆದ್ದರಿಂದ ಗಾಡಿ ಹತ್ತುವ ಮೊದಲು 14555ಕ್ಕೆ ಫೋನ್ ಮಾಡಿ. ಇದು ಆಯುಷ್ಮಾನ್ ಸಹಾಯವಾಣಿ, ಉಚಿತ ಕರೆ. 'ನನ್ನ ಕಾರ್ಡ್ ಈ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ನಡೆಯುತ್ತಾ?' ಈ ಒಂದು ಪ್ರಶ್ನೆ ಲಕ್ಷಗಟ್ಟಲೆ ಉಳಿಸಬಹುದು.

ನಮ್ಮ ರಾಜ್ಯದೊಳಗೂ ಒಂದು ಮೆಟ್ಟಿಲು ಇದೆ, ಅದೇ ರಿಫರ್ ಚೀಟಿ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಚಿಕಿತ್ಸೆ ಇಲ್ಲ ಅಂತ ಬರೆಸಿಕೊಂಡು ಖಾಸಗಿ ಆಸ್ಪತ್ರೆಗೆ ಹೋಗಬೇಕು. ನೇರವಾಗಿ ಖಾಸಗಿಗೆ ಹೋಗಿ ಅಡ್ಮಿಟ್ ಆದಮೇಲೆ ಕಾರ್ಡ್ ತೋರಿಸಿದರೆ 'ರಿಫರಲ್ ಎಲ್ಲಿ?' ಅಂತಾರೆ. ಚಿಂಚೋಳಿಯ ತಾಲ್ಲೂಕು ಆಸ್ಪತ್ರೆ, ಕಲಬುರಗಿಯ ಜಿಮ್ಸ್ ಈ ಮೆಟ್ಟಿಲುಗಳು. ಅರ್ಧ ದಿನ ಸರದಿಯಲ್ಲಿ ನಿಲ್ಲೋದು ಬೇಜಾರೇ, ಆದರೆ ಆ ಅರ್ಧ ದಿನದ ಬೆಲೆ ದೊಡ್ಡದು. ನಿಜವಾದ ತುರ್ತು ಇದ್ದರೆ ಮಾತ್ರ ಚೀಟಿಗೆ ಕಾಯಬೇಡಿ. ಯೋಜನೆಯ ಆಸ್ಪತ್ರೆಗೆ ನೇರ ಹೋಗಿ, ಅಲ್ಲಿನ 'ಆರೋಗ್ಯ ಮಿತ್ರ'ರನ್ನು ಮೊದಲು ಹುಡುಕಿ. ಕಾರ್ಡಿನ ಕೆಲಸಕ್ಕೆಂದೇ ಇರುವವರು ಅವರು.

ಎಪಿಎಲ್ ಕುಟುಂಬದವರೂ ಒಂದು ಮಾತು ನೆನಪಿಡಿ. ನಿಮಗೂ ಕಾರ್ಡ್ ಕೊಟ್ಟಿರುತ್ತಾರೆ, ಆದರೆ ಅದು 5 ಲಕ್ಷದ ಕಾರ್ಡಲ್ಲ. ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರ ಕೊಡುತ್ತೆ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಒಂದು ಲಕ್ಷದ ಪ್ಯಾಕೇಜಿಗೆ 30 ಸಾವಿರ ಸರ್ಕಾರದ್ದು, ಉಳಿದ 70 ಸಾವಿರ ನಿಮ್ಮದು. ಬರೀ ಕಾರ್ಡ್ ನಂಬಿ ಪಾಲಿಸಿ ಮಾಡಿಸದೆ ಕೂತವರು ಈ ಲೆಕ್ಕ ಮರೆಯಬಾರದು. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿಯನ್ನೂ ವಿಚಾರಿಸಿ. 2003ರಲ್ಲಿ ರೈತರಿಗಾಗಿ ಶುರುವಾದ ಈ ಯೋಜನೆ 2018ರಲ್ಲಿ ನಿಂತುಹೋಗಿ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಹೊಸದಾಗಿ ಬಂದಾಗ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ವಂತಿಗೆ ಇಟ್ಟಿದ್ದರು. ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುತ್ತೆ, ಅದು ಮುಗಿದ ಮೇಲೆ ಕೇಳಿದರೆ ಉಪಯೋಗವಿಲ್ಲ.

ಒಳ್ಳೆ ರೂಮು, ದುಬಾರಿ ರೂಮು

ಈಗ ಖಾಸಗಿ ಪಾಲಿಸಿಗೆ ಬರೋಣ. ಇಲ್ಲಿ ಗೃಹಿಣಿಯರನ್ನು ಹೆಚ್ಚಾಗಿ ಕಂಗೆಡಿಸೋದು ರೂಮಿನ ಬಾಡಿಗೆ. 'ಪಾಲಿಸಿ ಇದೆಯಲ್ಲ, ಒಳ್ಳೆ ರೂಮೇ ತಗೊಳ್ಳೋಣ' ಅನ್ನೋದು ಎಲ್ಲರ ಮನಸ್ಸಿನಲ್ಲೂ ಬರುತ್ತೆ. ಒಂದು ಲೆಕ್ಕ ನೋಡಿ.

ನಿಮ್ಮ ಪಾಲಿಸಿ 3 ಲಕ್ಷದ್ದು. ರೂಮಿಗೆ ದಿನಕ್ಕೆ ಶೇ 1, ಅಂದರೆ 3,000 ರೂಪಾಯಿ ಮಿತಿ. ನೀವು 6,000ದ ರೂಮು ತಗೊಂಡು ನಾಲ್ಕು ದಿನ ಇದ್ದಿರಿ. ರೂಮಿಗೆ 24 ಸಾವಿರ. ಡಾಕ್ಟರ ಫೀಸು, ಆಪರೇಷನ್, ನರ್ಸಿಂಗ್ ಸೇರಿ 1 ಲಕ್ಷ. ಔಷಧಿ ಮತ್ತು ಪರೀಕ್ಷೆ 40 ಸಾವಿರ. ಕೈಗವಸು, ಮಾಸ್ಕು, ಫೈಲ್ ಚಾರ್ಜ್‌ನಂಥ ಚಿಲ್ಲರೆ 8 ಸಾವಿರ. ಒಟ್ಟು 1,72,000.

ವಿಮಾ ಕಂಪನಿ ಕೊಡೋದು ಎಷ್ಟು? ರೂಮಿಗೆ 12 ಸಾವಿರ. ನೀವು ಮಿತಿಯ ದುಪ್ಪಟ್ಟು ಬಾಡಿಗೆಯ ರೂಮು ತಗೊಂಡಿದ್ದರಿಂದ ಡಾಕ್ಟರ ಫೀಸು, ಆಪರೇಷನ್ ಖರ್ಚನ್ನೂ ಅರ್ಧಕ್ಕೆ ಇಳಿಸುತ್ತಾರೆ. ಅಲ್ಲಿ 50 ಸಾವಿರ. ಔಷಧಿ, ಪರೀಕ್ಷೆಗಳ ಮೇಲೆ ಈ ಕಡಿತ ಮಾಡುವಂತಿಲ್ಲ. ಆ 40 ಸಾವಿರ ಪೂರ್ತಿ ಬರುತ್ತೆ. ಚಿಲ್ಲರೆ ಸಾಮಾನಿಗೆ ಸೊನ್ನೆ. ಬಂದದ್ದು 1,02,000, ನಿಮ್ಮ ಕೈಯಿಂದ 70 ಸಾವಿರ! ರೂಮಿನ ಬಾಡಿಗೆಯಲ್ಲಿ ಇದ್ದ ವ್ಯತ್ಯಾಸ ಬರೀ 12 ಸಾವಿರ, ಆದರೆ ಅದು ಇನ್ನೂ 50 ಸಾವಿರವನ್ನು ಎಳೆದುಕೊಂಡು ಹೋಯಿತು. ಮಿತಿಯೊಳಗಿನ ರೂಮು ತಗೊಂಡಿದ್ದರೆ ನಿಮ್ಮ ಕೈಯಿಂದ ಹೋಗುತ್ತಿದ್ದದ್ದು ಆ 8 ಸಾವಿರದಷ್ಟೇ.

ಬಿಲ್ಲಿಂಗ್ ಎಲ್ಲ ರೂಮಿಗೂ ಒಂದೇ ಇರುವ ಆಸ್ಪತ್ರೆಯಲ್ಲಿ ಮತ್ತು ಐಸಿಯು ಶುಲ್ಕದಲ್ಲಿ ಈ ಕಡಿತ ಮಾಡುವಂತಿಲ್ಲ ಅಂತಲೂ ನಿಯಮವಿದೆ. ನಿಮ್ಮ ಬಿಲ್ಲಿನಲ್ಲಿ ಹಾಗೆ ಕಡಿತ ಮಾಡಿದ್ದರೆ ಪ್ರಶ್ನಿಸಿ. ಇನ್ನು ಪಾಲಿಸಿಯಲ್ಲಿ ಹುಡುಕಬೇಕಾದ ಪದಗಳು ನಾಲ್ಕು: ರೂಮ್ ರೆಂಟ್ ಮಿತಿ, ಕೋ-ಪೇ (ಬಿಲ್ಲಿನಲ್ಲಿ ಶೇಕಡಾ ಇಷ್ಟು ನಿಮ್ಮದು), ಸಬ್ ಲಿಮಿಟ್ (ಕಣ್ಣಿನ ಪೊರೆಯಂಥ ಚಿಕಿತ್ಸೆಗೆ ಪ್ರತ್ಯೇಕ ಮಿತಿ), ವೇಟಿಂಗ್ ಪೀರಿಯಡ್. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 3 ವರ್ಷಕ್ಕಿಂತ ಹೆಚ್ಚಿರಬಾರದು ಅಂತ 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇಳಿಸಿದೆ. ಸತತ 5 ವರ್ಷ ಕಂತು ಕಟ್ಟಿದ ಮೇಲೆ, ವಂಚನೆ ಅಂತ ಸಾಬೀತಾದ ಹೊರತು, 'ಕಾಯಿಲೆ ಮುಚ್ಚಿಟ್ಟಿದ್ದೀರಿ' ಅಂತ ಕ್ಲೇಮ್ ತಿರಸ್ಕರಿಸುವಂತಿಲ್ಲ. ಹಾಗಂತ ಮುಚ್ಚಿಡಬೇಡಿ. ಅರ್ಜಿ ತುಂಬುವಾಗ ಏಜೆಂಟರು "ಶುಗರ್ ಇದೆ ಅಂತ ಬರೀಬೇಡಿ ಮೇಡಂ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂದರೆ ಕೇಳಲೇಬೇಡಿ. ಕ್ಲೇಮ್ ಹೊತ್ತಿಗೆ ಏಜೆಂಟರು ನಿಮ್ಮ ಪಕ್ಕದಲ್ಲಿ ನಿಲ್ಲೋಲ್ಲ.

ಒಂದು ಸಿಹಿ ಸುದ್ದಿಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ 18 ಜಿಎಸ್‌ಟಿ ತೆಗೆದುಹಾಕಿದ್ದಾರೆ. 20 ಸಾವಿರದ ಪ್ರೀಮಿಯಂಗೆ ಮೊದಲು 3,600 ತೆರಿಗೆ ಬೀಳುತ್ತಿತ್ತು. ನವೀಕರಣದ ಹೊತ್ತಿಗೆ ಆ ಉಳಿದ ಹಣದಲ್ಲಿ ರೂಮಿನ ಮಿತಿ ಇಲ್ಲದ ಪಾಲಿಸಿಯೋ, ಚಿಲ್ಲರೆ ಸಾಮಾನಿಗೂ ಹಣ ಕೊಡುವ ಹೆಚ್ಚುವರಿ ಸೌಲಭ್ಯವೋ ಸಿಗುತ್ತಾ ಅಂತ ವಿಚಾರಿಸಿ.

ವಾಡಿ, ಶಹಾಬಾದ್, ಸೇಡಂನ ಅಕ್ಕತಂಗಿಯರಿಗೆ

ಸಿಮೆಂಟು, ಕಲ್ಲುಗಣಿಯ ಊರುಗಳಲ್ಲಿ ಇಎಸ್‌ಐ ದೊಡ್ಡ ಆಸರೆ. ಚಿಕಿತ್ಸೆಗೆ ಇಷ್ಟೇ ಹಣ ಅಂತ ಮಿತಿ ಇಲ್ಲ, ಮನೆಯವರಿಗೂ ಅನ್ವಯಿಸುತ್ತೆ, ಕಲಬುರಗಿಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹಾಗಿದ್ದರೂ ಇಎಸ್‌ಐ ಕುಟುಂಬಗಳು ಸಾಲಕ್ಕೆ ಬೀಳೋದು ಯಾಕೆ? ಸೌಲಭ್ಯ ನಿಂತಿದೆ ಅಂತ ಆಸ್ಪತ್ರೆಗೆ ಹೋದಾಗಲೇ ಗೊತ್ತಾಗೋದರಿಂದ.

ತಿಂಗಳ ಸಂಬಳ 21 ಸಾವಿರದವರೆಗೆ ಇದ್ದವರಿಗೆ ಇಎಸ್‌ಐ ಅಂತ 2017ರಲ್ಲಿ ಮಿತಿ ಹಾಕಿದರು. ಸಂಬಳ ಏರಿ ಮಿತಿ ದಾಟಿದರೆ ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ಹೊಸ ವಂತಿಗೆ ನಿಲ್ಲುತ್ತೆ. ಇನ್ನು ಗುತ್ತಿಗೆ ಕೆಲಸಗಾರರ ವಿಷಯ. ಸಂಬಳದಲ್ಲಿ ಶೇ 0.75 ಹಿಡಿದುಕೊಳ್ಳುತ್ತಾರೆ, ಮಾಲೀಕರು ಶೇ 3.25 ಸೇರಿಸಿ ಕಟ್ಟಬೇಕು. ಗುತ್ತಿಗೆದಾರ ಬದಲಾದಾಗ ಹೆಸರು ಬಿಟ್ಟುಹೋಗೋದು ಉಂಟು. ವಂತಿಗೆ ಜಮಾ ಆಗುತ್ತಿದೆಯೇ ಅಂತ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಇಎಸ್‌ಐ ಕಚೇರಿಯಲ್ಲೋ ಮೊಬೈಲಿನಲ್ಲೋ ನೋಡಿಸಿಕೊಳ್ಳಿ. ಅತ್ತೆ-ಮಾವ, ಹೊಸದಾಗಿ ಹುಟ್ಟಿದ ಮಗು, ಎಲ್ಲರ ಹೆಸರೂ ಸೇರಿದೆಯೇ ಅಂತಲೂ ನೋಡಿ. ಗಂಡಸರು 'ಆಯ್ತು ನೋಡೋಣ' ಅಂತ ಮುಂದೂಡುವ ಕೆಲಸ ಇದು. ನೀವೇ ಬೆನ್ನು ಹತ್ತಿ.

ಸಾಲ ಮಾಡಲೇಬೇಕಾದರೆ

ಎಷ್ಟು ಜಾಣತನ ಮಾಡಿದರೂ ಒಮ್ಮೊಮ್ಮೆ ರೊಕ್ಕ ಸಾಲೋಲ್ಲ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಯಾರನ್ನು ಕೇಳೋದು ಅಂತ ಯೋಚಿಸುವ ಹೊತ್ತಿನಲ್ಲಿ ಬಡ್ಡಿ ಲೆಕ್ಕ ಹಾಕೋಕೆ ಯಾರಿಂದ ಆಗುತ್ತೆ? ಅದಕ್ಕೇ ಈಗ, ಮನಸ್ಸು ತಣ್ಣಗಿದ್ದಾಗ ಹಾಕಿ.

ಒಂದು ಲಕ್ಷಕ್ಕೆ 'ನೂರಕ್ಕೆ ಮೂರು ರೂಪಾಯಿ' ಬಡ್ಡಿ ಅಂದರೆ ಕಿವಿಗೆ ಸಣ್ಣದು. ವರ್ಷಕ್ಕೆ ಅದು 36 ಸಾವಿರ. ನೂರಕ್ಕೆ ಐದಾದರೆ 60 ಸಾವಿರ, ಅಸಲು ಹಾಗೇ ನಿಂತಿರುತ್ತೆ! ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋಗೋದೂ ಹೆಚ್ಚು ಕಡಿಮೆ ಇದೇ ದಾರಿ. ಹಾಗಾಗಿ ಸಾಲಕ್ಕೊಂದು ಸರದಿ ಇಟ್ಟುಕೊಳ್ಳಿ. ಮೊದಲು ಸ್ವಂತ ಉಳಿತಾಯ, ನಿಮ್ಮ ಎಫ್‌ಡಿ, ಪಿಎಫ್ ಮುಂಗಡ. ಎರಡನೆಯದು ಬಡ್ಡಿ ಕೇಳದ ಬಂಧುಗಳು. ಅವರಿಗೂ ಚೀಟಿ ಬರೆದುಕೊಟ್ಟು ದಿನಾಂಕ ಹೇಳಿ, ಸಂಬಂಧ ಉಳಿಯುತ್ತೆ. ಮೂರನೆಯದು ಸ್ತ್ರೀಶಕ್ತಿಯಂಥ ನಿಮ್ಮದೇ ಸಂಘದ ಒಳಸಾಲ. ನಾಲ್ಕನೆಯದು ಬ್ಯಾಂಕಿನಲ್ಲಿ ಬಂಗಾರದ ಸಾಲ. ಬಂಗಾರ ಮಾರೋದಕ್ಕಿಂತ ಬ್ಯಾಂಕಿನಲ್ಲಿ ಅಡವಿಡೋದು ಮೇಲು, ಸೇಟುಗಳ ಅಂಗಡಿಗಿಂತ ಬ್ಯಾಂಕು ಮೇಲು. ಮೈಕ್ರೋ ಫೈನಾನ್ಸ್ ಐದನೆಯದು. ಮೀಟರ್ ಬಡ್ಡಿಯವರು ಪಟ್ಟಿಯಲ್ಲೇ ಬೇಡ.

ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟಕ್ಕೆ ರಾಜ್ಯದಲ್ಲಿ ಊರು ಬಿಟ್ಟ ಕುಟುಂಬಗಳ ಸುದ್ದಿ 2025ರ ಆರಂಭದಲ್ಲಿ ನೀವೂ ಓದಿರುತ್ತೀರಿ. ಆ ಸಾಲಗಳ ಹಿಂದೆ ಮದುವೆ, ಬಿತ್ತನೆಯ ಜೊತೆ ಆಸ್ಪತ್ರೆಯೂ ಇತ್ತು ಅನ್ನೋದು ಸಂಘದ ಹೆಣ್ಣುಮಕ್ಕಳ ಜೊತೆ ಹತ್ತು ನಿಮಿಷ ಕೂತರೆ ತಿಳಿಯುತ್ತೆ. ಆ ಫೆಬ್ರುವರಿ 12ರಂದು ಸರ್ಕಾರ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನ 2022ರ ನಿಯಮವೂ ನಿಮ್ಮ ಪರ ಇದೆ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಏನನ್ನೂ ಅಡವು ಕೇಳುವಂತಿಲ್ಲ, ಎಲ್ಲ ಸಾಲದ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕಂತಿಗೆ ಕಾಡುವಂತಿಲ್ಲ. ಬೆದರಿಕೆ ಹಾಕಿದರೆ ಪೊಲೀಸ್ ಠಾಣೆಗೆ ಹೋಗಿ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಂಸ್ಥೆಯಾದರೆ 14448ಕ್ಕೆ ಕರೆ ಮಾಡಿ ದೂರಿನ ದಾರಿ ಕೇಳಿ. ಸಾಲಕ್ಕೆ ಸಹಿ ಹಾಕಿದವರು ಹೆಚ್ಚಾಗಿ ನಾವೇ, ಹೆಂಗಸರು. ಹಾಗಾಗಿ ನಿಯಮ ತಿಳಿದಿರಬೇಕಾದವರೂ ನಾವೇ.

ಸಾಲಕ್ಕೆ ಕೈ ಚಾಚುವ ಮೊದಲು ಇನ್ನೊಂದು ಬಾಗಿಲು ತಟ್ಟಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಬಿಲ್ಲು, ವೈದ್ಯರ ಪತ್ರ ಲಗತ್ತಿಸಿ ಅರ್ಜಿ ಹಾಕಬಹುದು, ಶಾಸಕರ ಶಿಫಾರಸು ಪತ್ರ ಇದ್ದರೆ ಅನುಕೂಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆದ ಮನೆಯಾದರೆ ಅಲ್ಲಿ ವೈದ್ಯಕೀಯ ಸಹಾಯಧನ ಇದೆ. ಬಿಲ್ಲಿನ ಮೂಲಪ್ರತಿ ಎಲ್ಲ ಕಡೆ ಕೇಳುತ್ತಾರೆ, ಒಂದನ್ನೂ ಕಳೆಯಬೇಡಿ.

ಬಾಯಿ ಬಿಟ್ಟು ಕೇಳಿ

ಆಸ್ಪತ್ರೆಯಲ್ಲಿ ನಾವು ತಲೆ ತಗ್ಗಿಸಿ ನಿಲ್ಲುತ್ತೇವೆ. ರೋಗಿ ಒಳಗಿದ್ದಾರೆ, ಏನಾದರೂ ಕೇಳಿದರೆ ಎಲ್ಲಿ ಸಿಟ್ಟಾಗುತ್ತಾರೋ ಅನ್ನುವ ಭಯ. ಆದರೆ ಕೆಲವು ಪ್ರಶ್ನೆ ಕೇಳುವುದು ನಿಮ್ಮ ಹಕ್ಕು.

ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಆಸ್ಪತ್ರೆಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. 2017ರ ತಿದ್ದುಪಡಿ ಪ್ರಕಾರ ತುರ್ತು ಚಿಕಿತ್ಸೆಗೆ ಮೊದಲು ಮುಂಗಡ ಕಟ್ಟಿ ಅನ್ನುವಂತಿಲ್ಲ, ಬಿಲ್ ಬಾಕಿ ಅಂತ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರು ಕೇಳೋಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ. ಹೃದಯಕ್ಕೆ ಹಾಕುವ ಸ್ಟೆಂಟಿಗೆ 2017ರ ಫೆಬ್ರುವರಿಯಿಂದ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿದೆ, ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿನಡಿ ದಾಖಲಾದ ರೋಗಿಯ ಹತ್ತಿರ ಪ್ಯಾಕೇಜಿನ ಚಿಕಿತ್ಸೆಗೆ ಪ್ರತ್ಯೇಕ ಹಣ ಕೇಳಿದರೆ ರಸೀದಿ ಕೇಳಿ, 14555ಕ್ಕೆ ತಿಳಿಸಿ.

ಖಾಸಗಿ ಪಾಲಿಸಿಯವರಿಗೆ 2024ರ ಮೇ ತಿಂಗಳ ಹೊಸ ಸುತ್ತೋಲೆ ಬಲ ಕೊಟ್ಟಿದೆ. ಕ್ಯಾಶ್‌ಲೆಸ್ ಕೋರಿಕೆ ಬಂದ 1 ಗಂಟೆಯೊಳಗೆ ವಿಮಾ ಕಂಪನಿ ನಿರ್ಧಾರ ಹೇಳಬೇಕು, ಡಿಸ್ಚಾರ್ಜ್ ವೇಳೆ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಅವರು ತಡ ಮಾಡಿದ್ದಕ್ಕೆ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಡಿ ಅಂತ ಬರಹದಲ್ಲಿ ಕೇಳಿ. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. 50 ಲಕ್ಷದವರೆಗಿನ ದೂರು ಅಲ್ಲಿ ನಡೆಯುತ್ತೆ. ಶುಲ್ಕವಿಲ್ಲ, ವಕೀಲರು ಬೇಡ, ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಮೊದಲ ವಿಚಾರಣೆಗೆ ಪ್ರಾಧಿಕಾರದ 155255 ಸಹಾಯವಾಣಿ ಇದೆ. 'ಇಲ್ಲ' ಅಂದ ಕಂಪನಿ ಎರಡನೇ ಪತ್ರಕ್ಕೆ 'ಆಯ್ತು' ಅನ್ನೋದೂ ಉಂಟು. ಬಿಡಬೇಡಿ.

ಈ ವಾರವೇ ಮಾಡಿ

• ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದು ಪುಟ. ಹೆಸರು, ರಕ್ತದ ಗುಂಪು, ಕಾಯಿಲೆ, ತಗೊಳ್ಳುವ ಮಾತ್ರೆ, ಕಾರ್ಡ್ ಅಥವಾ ಪಾಲಿಸಿ ನಂಬರ್ ಬರೆಯಿರಿ.

• ನಿಮ್ಮ ಕಾರ್ಡ್ ನಡೆಯುವ ಹತ್ತಿರದ ಎರಡು ಆಸ್ಪತ್ರೆ, ದೂರದ ಒಂದು ದೊಡ್ಡಾಸ್ಪತ್ರೆಯ ಹೆಸರು ಕೇಳಿ ತಿಳಿದು ಬರೆದಿಡಿ.

• ಪಾಲಿಸಿಯ ನವೀಕರಣ ದಿನವನ್ನು ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಅದೇ ದಿನದೊಳಗೆ ಕಟ್ಟಿ.

• ಪಡಿತರ ಚೀಟಿ, ಆಧಾರ್‌ನಲ್ಲಿ ಹೆಸರು, ಹುಟ್ಟಿದ ವರ್ಷ ಒಂದೇ ರೀತಿ ಇದೆಯೇ ನೋಡಿ. 'ಮಲ್ಲಮ್ಮ' ಒಂದರಲ್ಲಿ, 'ಮಲ್ಲವ್ವ' ಇನ್ನೊಂದರಲ್ಲಿ ಇದ್ದರೆ ಆಸ್ಪತ್ರೆಯ ಕೌಂಟರಿನಲ್ಲಿ ಒದ್ದಾಟ ತಪ್ಪದು.

• ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ದವಾಖಾನೆಗೆಂದೇ ಒಂದು ಆರ್‌ಡಿ ತೆರೆಯಿರಿ. ಗೃಹಲಕ್ಷ್ಮಿಯ 2,000 ಬಂದಾಗಲೆಲ್ಲ ಅಲ್ಲಿಗೆ ಹಾಕಿದರೆ ಹನ್ನೆರಡು ಕಂತಿಗೆ 24 ಸಾವಿರ. ಆ ಹಣ ಬರದ ಮನೆಯವರು ಕೈಲಾದಷ್ಟು ಹಾಕಿ. ಕಾರ್ಡ್ ಕೊಡದ ಗಾಡಿ ಬಾಡಿಗೆ, ಪರೀಕ್ಷೆ, ಮಾತ್ರೆಗೆ ಆಗುವುದು ಇದೇ ದುಡ್ಡು.

'ಕಾಯಿಲೆ ಹೇಳಿ ಕೇಳಿ ಬರುತ್ತಾ?' ಅಂತ ನಾವೆಲ್ಲ ಅನ್ನುತ್ತೇವೆ. ಕಾಯಿಲೆ ಹೇಳದೇ ಬರಬಹುದು, ಆದರೆ ಅದರ ಖರ್ಚಿನ ದಾರಿಗಳು ಮೊದಲೇ ಗೊತ್ತಿರುವಂಥವು. ವರ್ಷದ ಜೋಳ, ತೊಗರಿಬೇಳೆ, ಮೆಣಸಿನಕಾಯಿ ಲೆಕ್ಕ ಹಾಕಿ ತುಂಬಿಡುವ ನಮಗೆ ಈ ಲೆಕ್ಕ ಕಷ್ಟವಲ್ಲ. ಬೀರುವಿನಲ್ಲಿರುವ ಆ ಪಾಲಿಸಿ ಕಾಗದ ತೆಗೆದು, ಕನ್ನಡಕ ಹಾಕಿಕೊಂಡು, ಇವತ್ತು ಮಧ್ಯಾಹ್ನದ ಬಿಡುವಿನಲ್ಲಿ ಮೊದಲ ಎರಡು ಪುಟ ಓದಿ ನೋಡಿ. ಅರ್ಥವಾಗದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ನಾಳೆ ಏಜೆಂಟರಿಗೆ ಫೋನ್ ಮಾಡಿ ಒಂದೊಂದಾಗಿ ಕೇಳಿ.